ಕಾಣದ ಊರಿನಲ್ಲಿ ಟರ್ನ್‌ಕೀ ಬಾಡಿಗೆ ಮನೆ ಕೊಳ್ಳುವ ಕ್ರಮ: ಅಮೆರಿಕದ ಹೊರರಾಜ್ಯದ ಖರೀದಿದಾರರಿಗೆ ಹಂತಹಂತದ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್ ಕಡೆ ಇರುವ ಕನ್ನಡಿಗರು ಮೆಂಫಿಸ್, ಇಂಡಿಯಾನಾಪೊಲಿಸ್, ಕ್ಲೀವ್‌ಲ್ಯಾಂಡ್ ಅಥವಾ ಬರ್ಮಿಂಗ್‌ಹ್ಯಾಮ್‌ನಲ್ಲಿ ಟರ್ನ್‌ಕೀ ಮನೆ ಕೊಂಡು, ಒಂದೆರಡು ವರ್ಷ ಕಳೆದ ಮೇಲೆ ಲೆಕ್ಕ ಕೂಡುತ್ತಿಲ್ಲವೆಂದು ನನಗೆ ತೋರಿಸುವ ಕಡತಗಳಲ್ಲಿ ಒಂದೇ ತಪ್ಪು ಮರುಕಳಿಸುತ್ತದೆ. ಅವರು ಮೊದಲು ಮನೆಯನ್ನು ಆರಿಸಿ, ಮುಂಗಡ ಕಟ್ಟಿ, ಆಮೇಲೆ ವಿಚಾರಿಸಲು ಹೊರಟಿರುತ್ತಾರೆ. ವಿಚಾರಿಸುವಾಗಲೂ ಸಾಲ ಕೊಡುವವರು, ಮನೆ ಪರೀಕ್ಷಿಸುವವರು, ವಿಮೆಯ ಏಜೆಂಟ್, ಮನೆ ನೋಡಿಕೊಳ್ಳುವ ಮ್ಯಾನೇಜರ್ ಎಲ್ಲರೂ ಮಾರುವ ಕಂಪನಿಯೇ ಪರಿಚಯಿಸಿದವರಾಗಿರುತ್ತಾರೆ.

ಟರ್ನ್‌ಕೀ ಕಂಪನಿ ಹಳೆಯ ಮನೆಯನ್ನು ಅಗ್ಗಕ್ಕೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆದಾರರನ್ನು ಕೂರಿಸಿ ನಿಮಗೆ ಮಾರುತ್ತದೆ. ಹೆಚ್ಚಿನ ಸಲ ಮುಂದಿನ ನಿರ್ವಹಣೆಯನ್ನೂ ತಾನೇ ವಹಿಸಿಕೊಳ್ಳುತ್ತದೆ. ಈ ಏರ್ಪಾಡು ಸ್ವತಃ ಮೋಸವಲ್ಲ. ಆದರೆ ಆ ಸರಪಳಿಯಲ್ಲಿ ನಿಮ್ಮ ಕಡೆಯವರು ಒಬ್ಬರೂ ಇರುವುದಿಲ್ಲ. ಕೆಳಗಿನ ಹಂತಗಳ ಉದ್ದೇಶವೆಂದರೆ, ಹಣ ಕೈಬಿಡುವ ಮೊದಲೇ ಪ್ರತಿಯೊಂದು ಕೊಂಡಿಯಲ್ಲೂ ನೀವೇ ಆರಿಸಿದ ಒಬ್ಬರನ್ನು ನಿಲ್ಲಿಸುವುದು. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಹಣದ ಮೂಲ ಮತ್ತು ಸಾಲದ ಅರ್ಹತೆ

ಮನೆಗಳ ಪಟ್ಟಿ ನೋಡುವ ಮೊದಲು ಸಾಲದ ಪೂರ್ವಾನುಮೋದನೆ ಪಡೆಯಿರಿ, ಮತ್ತು ಅದನ್ನು ಕಂಪನಿ ಸೂಚಿಸದ ಬ್ಯಾಂಕಿನಿಂದಲೂ ಪಡೆಯಿರಿ. ಬ್ಯಾಂಕುಗಳಿಂದ ಮನೆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮದ ಸಾಲದಲ್ಲಿ ಒಂದು ಕುಟುಂಬದ ಬಾಡಿಗೆ ಮನೆಗೆ ಕನಿಷ್ಠ ಶೇ. 15, ಎರಡರಿಂದ ನಾಲ್ಕು ಮನೆಗಳ ಕಟ್ಟಡಕ್ಕೆ ಕನಿಷ್ಠ ಶೇ. 25ರಷ್ಟು ಕೈಯಿಂದ ಹಾಕಬೇಕು. ಇದರ ಮೇಲೆ ತೆರಿಗೆ ಮತ್ತು ವಿಮೆ ಸೇರಿದ ಆರು ತಿಂಗಳ ಕಂತಿನಷ್ಟು ಹಣ ಖಾತೆಯಲ್ಲಿ ಉಳಿದಿರಬೇಕು. ಈಗಾಗಲೇ ಬೇರೆ ಬಾಡಿಗೆ ಮನೆಗಳ ಮೇಲೆ ಸಾಲವಿದ್ದರೆ ಈ ಮೊತ್ತ ಇನ್ನೂ ಏರುತ್ತದೆ.

ನಮ್ಮವರು ಎಡವುವ ಜಾಗ ಇದು: ಹೂಡಿಕೆಯ ಮನೆಯ ಇಂಥ ಸಾಲದಲ್ಲಿ ಉಡುಗೊರೆಯ ಹಣಕ್ಕೆ ಅವಕಾಶವಿಲ್ಲ. ಊರಿನಿಂದ ಅಪ್ಪ ಕಳಿಸಿದ ಹಣವನ್ನು ಡೌನ್ ಪೇಮೆಂಟ್‌ಗೆ ತೋರಿಸಲಾಗದು. ಬೆಂಗಳೂರಿನ ಸ್ವಂತ ಸೈಟ್ ಮಾರಿ ತಂದ ಹಣವಾದರೆ ಆಗಬಹುದು. ಆದರೆ ಕ್ರಯಪತ್ರ, ಮುರಿದುಕೊಂಡ ಟಿಡಿಎಸ್‌ನ ದಾಖಲೆ, ಲೆಕ್ಕಪರಿಶೋಧಕರ ಪ್ರಮಾಣಪತ್ರ, ಎನ್‌ಆರ್‌ಒ ಖಾತೆಯಿಂದ ಹಣ ಹೊರಟ ವಿವರ ಎಲ್ಲವನ್ನೂ ಬ್ಯಾಂಕ್ ಕೇಳುತ್ತದೆ. ಆದ್ದರಿಂದ ಹಣವನ್ನು ಹಲವು ತಿಂಗಳು ಮೊದಲೇ ತರಿಸಿ, ಒಂದೇ ಖಾತೆಯಲ್ಲಿ ಕದಲಿಸದೆ ಇಡಿ.

ವೇತನದ ಪುರಾವೆ ಕೇಳದೆ ಮನೆಯ ಬಾಡಿಗೆಯನ್ನೇ ಆಧಾರವಾಗಿಟ್ಟು ಕೊಡುವ ಡಿಎಸ್‌ಸಿಆರ್ ಸಾಲವೂ ಇದೆ. ಅದರ ಬಡ್ಡಿ ಸಾಮಾನ್ಯವಾಗಿ ಹೆಚ್ಚು. ಅವಧಿಗೆ ಮೊದಲೇ ತೀರಿಸಿದರೆ ದಂಡ ಬೀಳುವ ಷರತ್ತು ಅದರಲ್ಲಿ ಸಾಮಾನ್ಯ, ಹಾಗಾಗಿ ಆ ಷರತ್ತು ಎಷ್ಟು ವರ್ಷದ್ದೆಂದು ಬರವಣಿಗೆಯಲ್ಲಿ ಕೇಳಿ.

ಎಚ್-1ಬಿ ವೀಸಾದಲ್ಲಿರುವವರು ಮನೆ ಕೊಂಡು ಬಾಡಿಗೆ ಪಡೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ದಿನನಿತ್ಯದ ನಿರ್ವಹಣೆಯನ್ನು ತಾವೇ ಮಾಡಿದರೆ ಅದು ಅನುಮತಿಯಿಲ್ಲದ ಕೆಲಸವೆನಿಸುವ ಸಂಭವವಿದೆ. ವಲಸೆ ವಕೀಲರ ಅಭಿಪ್ರಾಯವನ್ನು ಈ ಹಂತದಲ್ಲೇ ಪಡೆಯಿರಿ.

ಹಂತ 2: ಮೊದಲು ಊರು, ಆಮೇಲೆ ಬೀದಿ

ಊರಿನ ಸರಾಸರಿ ಬಾಡಿಗೆಯನ್ನು ನಂಬಿ ಕೊಳ್ಳಬೇಡಿ. ಮೆಂಫಿಸ್ ಆಗಲಿ ಕ್ಲೀವ್‌ಲ್ಯಾಂಡ್ ಆಗಲಿ, ಒಂದು ಬೀದಿಗೂ ಅದರ ಆಚೆಯ ಬೀದಿಗೂ ಅಜಗಜಾಂತರವಿರುತ್ತದೆ. ಕೇಂದ್ರ ವಸತಿ ಇಲಾಖೆ ಪಿನ್‌ಕೋಡ್‌ವಾರು ಪ್ರಕಟಿಸುವ ವಾರ್ಷಿಕ ಬಾಡಿಗೆ ಮಟ್ಟ, ಪೊಲೀಸ್ ಇಲಾಖೆಯ ಅಪರಾಧ ನಕ್ಷೆ, ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಪ್ರವಾಹ ನಕ್ಷೆ, ಕೌಂಟಿಯ ಆಸ್ತಿ ಮೌಲ್ಯಮಾಪಕರ ಜಾಲತಾಣ, ಗೂಗಲ್‌ನ ಬೀದಿ ಚಿತ್ರ ಎಲ್ಲವೂ ಉಚಿತ. ಬೀದಿ ಚಿತ್ರದಲ್ಲಿ ಹಳೆಯ ವರ್ಷಗಳ ನೋಟವನ್ನೂ ತೆರೆಯಬಹುದು. ಅಕ್ಕಪಕ್ಕದ ಮನೆಗಳ ಕಿಟಕಿಗಳಿಗೆ ಹಲಗೆ ಹೊಡೆದಿದ್ದರೆ, ಅದು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬುದು ಅಲ್ಲಿ ಕಾಣುತ್ತದೆ.

ಪ್ರತಿ ರಾಜ್ಯದ ತೆರಿಗೆ ಕಾನೂನನ್ನೂ ಇಲ್ಲಿಯೇ ಓದಿಕೊಳ್ಳಬೇಕು, ಏಕೆಂದರೆ ಮಾಲೀಕರೇ ವಾಸಿಸುವ ಮನೆಗೂ ಬಾಡಿಗೆ ಮನೆಗೂ ತೆರಿಗೆ ಒಂದೇ ಅಲ್ಲ. ಇಂಡಿಯಾನಾದಲ್ಲಿ ಮಾಲೀಕರು ವಾಸಿಸುವ ಮನೆಯ ತೆರಿಗೆಗೆ ಮೌಲ್ಯದ ಶೇ. 1ರ ಮಿತಿಯಿದೆ, ಬಾಡಿಗೆ ಮನೆಗೆ ಶೇ. 2ರ ಮಿತಿ. ಅಲಬಾಮಾದಲ್ಲಿ ಮಾಲೀಕರ ವಾಸದ ಮನೆಯನ್ನು ಮಾರುಕಟ್ಟೆ ಬೆಲೆಯ ಶೇ. 10ಕ್ಕೂ, ಬಾಡಿಗೆಗೆ ಕೊಟ್ಟದ್ದನ್ನು ಶೇ. 20ಕ್ಕೂ ನಿರ್ಧರಿಸಿ ತೆರಿಗೆ ಹಾಕುತ್ತಾರೆ. ಟೆನೆಸ್ಸಿಯಲ್ಲಿ ಒಂದೇ ಕುಟುಂಬದ ಮನೆಗೆ ಶೇ. 25, ಎರಡು ಅಥವಾ ಹೆಚ್ಚು ಬಾಡಿಗೆ ಮನೆಗಳಿರುವ ಕಟ್ಟಡ ಶೇ. 40ರ ವರ್ಗಕ್ಕೆ ಹೋಗುತ್ತದೆ. ಅಲ್ಲಿ ಡ್ಯೂಪ್ಲೆಕ್ಸ್, ಅಂದರೆ ಎರಡು ಮನೆಗಳ ಕಟ್ಟಡ, ಕೊಳ್ಳುವವರು ಇದನ್ನು ತಪ್ಪದೆ ಗಮನಿಸಬೇಕು. ಮೆಂಫಿಸ್ ನಗರದೊಳಗಿನ ಮನೆಗೆ ನಗರದ ತೆರಿಗೆ ಬೇರೆ, ಶೆಲ್ಬಿ ಕೌಂಟಿಯ ತೆರಿಗೆ ಬೇರೆ; ಕಂಪನಿಯ ಹಾಳೆಯಲ್ಲಿ ಎರಡರಲ್ಲಿ ಒಂದು ಮಾತ್ರ ಇರುವುದನ್ನು ನಾನು ಕಂಡಿದ್ದೇನೆ.

ಸ್ಥಳೀಯ ಬಾಡಿಗೆ ನಿಯಮಗಳನ್ನೂ ವಿಚಾರಿಸಿ. ಕ್ಲೀವ್‌ಲ್ಯಾಂಡ್ ಸುತ್ತಲಿನ ಕೆಲವು ಉಪನಗರಗಳಲ್ಲಿ ಮನೆ ಕೈಬದಲಾಗುವ ಮೊದಲು ನಗರಾಡಳಿತದ ತಪಾಸಣೆ ಆಗಬೇಕು. ಕಂಡ ದೋಷಗಳನ್ನು ಸರಿಪಡಿಸುವ ಹೊಣೆ ಒಪ್ಪಂದದಂತೆ ಕೊಳ್ಳುವವರ ತಲೆಗೂ ಬರಬಹುದು. ಡೆಟ್ರಾಯಿಟ್‌ನಲ್ಲಿ ಬಾಡಿಗೆ ಮನೆಗೆ ನಗರದ ಅನುಸರಣಾ ಪತ್ರ ಬೇಕು.

ಹಂತ 3: ಮನೆಗಿಂತ ಮೊದಲು ಮ್ಯಾನೇಜರ್

ಈ ಹಂತವನ್ನು ಇಷ್ಟು ಮುಂದೆ ತಂದದ್ದಕ್ಕೆ ಕಾರಣವಿದೆ. ಮನೆಯ ಬೆಲೆಯಲ್ಲಿ ಐದು ಸಾವಿರ ಡಾಲರ್ ಹೆಚ್ಚು ಕೊಟ್ಟರೆ ಆ ನಷ್ಟ ಒಂದೇ ಸಲಕ್ಕೆ ಮುಗಿಯುತ್ತದೆ; ಮ್ಯಾನೇಜರ್ ಸರಿಯಿಲ್ಲದಿದ್ದರೆ ತಿಂಗಳು ತಿಂಗಳೂ ಸೋರುತ್ತದೆ. ನೀವು ಆರಿಸಿದ ಊರಿನಲ್ಲಿ, ಮಾರುವ ಕಂಪನಿಗೆ ಸಂಬಂಧವಿಲ್ಲದ ಕನಿಷ್ಠ ಮೂವರು ಪ್ರಾಪರ್ಟಿ ಮ್ಯಾನೇಜರ್‌ಗಳೊಂದಿಗೆ ಮಾತನಾಡಿ. ಅವರ ಪರವಾನಗಿಯನ್ನು ಆ ರಾಜ್ಯದ ರಿಯಲ್ ಎಸ್ಟೇಟ್ ಆಯೋಗದ ಜಾಲತಾಣದಲ್ಲಿ ಪರಿಶೀಲಿಸಿ.

ಬಾಡಿಗೆಯ ಶೇ. 8ರಿಂದ 10ರಷ್ಟು ಮಾಸಿಕ ಶುಲ್ಕ ಸಾಮಾನ್ಯ. ಹಣ ಹೋಗುವುದು ಅದರ ಹಿಂದಿನ ಶುಲ್ಕಗಳಲ್ಲಿ: ಹೊಸ ಬಾಡಿಗೆದಾರರನ್ನು ತಂದುದಕ್ಕೆ ಅರ್ಧ ಅಥವಾ ಪೂರ್ತಿ ತಿಂಗಳ ಬಾಡಿಗೆ, ಕರಾರು ನವೀಕರಣದ ಶುಲ್ಕ, ರಿಪೇರಿ ಬಿಲ್ಲಿನ ಮೇಲೆ ಸೇರಿಸುವ ಶೇಕಡಾವಾರು, ಖಾಲಿ ಮನೆಗೂ ಹಾಕುವ ಶುಲ್ಕ. ಇವೆಲ್ಲ ಇರುವ ಕರಾರುಪತ್ರದ ಪ್ರತಿಯನ್ನು ತರಿಸಿಕೊಂಡು ಓದಿ. ಎಷ್ಟು ಡಾಲರಿಗಿಂತ ಹೆಚ್ಚಿನ ರಿಪೇರಿಗೆ ನಿಮ್ಮ ಒಪ್ಪಿಗೆ ಬೇಕು, ಬಾಡಿಗೆ ಮತ್ತು ಠೇವಣಿ ಪ್ರತ್ಯೇಕ ಟ್ರಸ್ಟ್ ಖಾತೆಯಲ್ಲಿರುತ್ತವೆಯೇ, ಎಷ್ಟು ದಿನದ ನೋಟಿಸಿನಲ್ಲಿ ನೀವು ಅವರನ್ನು ಬಿಡಬಹುದು ಎಂಬುವು ಮುಖ್ಯ. ಮೂವತ್ತು ದಿನದ ನೋಟಿಸಿಗೆ ಒಪ್ಪದವರನ್ನು ನಾನಂತೂ ಇಟ್ಟುಕೊಳ್ಳುವುದಿಲ್ಲ.

ಮಾತಿನ ಕೊನೆಗೆ ಒಂದು ಪ್ರಶ್ನೆ ಕೇಳಿ: "ಈ ಪಿನ್‌ಕೋಡಿನಲ್ಲಿ ನೀವು ಯಾವ ಬೀದಿಗಳ ಮನೆಗಳನ್ನು ಒಪ್ಪಿಕೊಳ್ಳುವುದಿಲ್ಲ?" ಬಾಡಿಗೆ ವಸೂಲಿಯ ಕಷ್ಟ ತಿಳಿದವರು ಬೀದಿಯ ಹೆಸರು ಹಿಡಿದು ಉತ್ತರಿಸುತ್ತಾರೆ. ಆ ಉತ್ತರವನ್ನು ಬರೆದಿಟ್ಟುಕೊಳ್ಳಿ; ಮುಂದೆ ಮನೆಗಳ ಪಟ್ಟಿ ಬಂದಾಗ ಮೊದಲ ಜರಡಿ ಅದೇ.

ಹಂತ 4: ಮಾರುವ ಕಂಪನಿಯ ಪರೀಕ್ಷೆ

ಮೊದಲು ಕೇಳಬೇಕಾದದ್ದು, ಮನೆಯ ಮಾಲೀಕರು ಇವತ್ತು ಯಾರು ಎಂಬುದು. ಕೆಲವು ಸಂಸ್ಥೆಗಳು ಸ್ವತಃ ಕೊಂಡು ರಿಪೇರಿ ಮಾಡುತ್ತವೆ. ಕೆಲವು ಬೇರೆಯವರ ಮನೆಯನ್ನು ಕಮಿಷನ್‌ಗೆ ತೋರಿಸುತ್ತವೆ. ಕೌಂಟಿಯ ದಾಖಲೆಯಲ್ಲಿ ಮಾಲೀಕರ ಹೆಸರು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮಾರಾಟದ ಬೆಲೆ ಬಹಿರಂಗವಿರುವ ಕಡೆ ಅವರು ಎಷ್ಟಕ್ಕೆ ಕೊಂಡಿದ್ದರೆಂಬುದೂ ತಿಳಿಯುತ್ತದೆ.

ಮಾಡಿಸಿದ ಕೆಲಸದ ಪೂರ್ಣ ಪಟ್ಟಿಯನ್ನು ಬಿಲ್ಲುಗಳ ಸಮೇತ ಕೇಳಿ. ವಿದ್ಯುತ್, ನೀರಿನ ಕೊಳವೆ, ಹೀಟಿಂಗ್ ಕೆಲಸ ನಡೆದಿದ್ದರೆ ನಗರದ ಪರ್ಮಿಟ್ ದಾಖಲೆಯಲ್ಲಿ ಅದು ಇರಬೇಕು. "ಹೊಸ ವೈರಿಂಗ್" ಎಂದು ಬರೆದು ಪರ್ಮಿಟ್ ಇಲ್ಲದಿದ್ದರೆ, ಕೆಲಸ ಆಗಿಲ್ಲ ಅಥವಾ ಪರವಾನಗಿ ಇಲ್ಲದವರು ಮಾಡಿದ್ದಾರೆ ಎಂದೇ ಎಣಿಸಿ ಮುಂದಿನ ಪ್ರಶ್ನೆ ಕೇಳಿ.

ರಿಪೇರಿಗೆಂದು ಮುಂಗಡವಾಗಿ ಹಣ ಕೇಳುವ ಕಂಪನಿಯಿಂದ ಕೂಡಲೇ ಹಿಂದೆ ಸರಿಯಿರಿ. ಹಾಗೆ ಹಣ ಕಟ್ಟಿದ ಹೊರರಾಜ್ಯದವರು ತಿಂಗಳುಗಟ್ಟಲೆ ಕಾದು, ಕಡೆಗೆ ಹೋಗಿ ನೋಡಿದಾಗ ಮನೆ ಹಲಗೆ ಹೊಡೆದ ಸ್ಥಿತಿಯಲ್ಲೇ ಇದ್ದದ್ದುಂಟು. ಕೆಲಸ ಮುಗಿದ ಮನೆಯನ್ನು ಮಾತ್ರ ಕೊಳ್ಳಿ. "ಒಂದು ವರ್ಷ ಬಾಡಿಗೆ ಗ್ಯಾರಂಟಿ" ಎಂಬ ಭರವಸೆಯನ್ನೂ ಲಾಭವೆಂದು ಎಣಿಸಬೇಡಿ. ಹೆಚ್ಚಿನ ಸಲ ಆ ಮೊತ್ತ ಮನೆಯ ಬೆಲೆಯಲ್ಲೇ ಸೇರಿರುತ್ತದೆ.

ಹಂತ 5: ಲೆಕ್ಕವನ್ನು ನೀವೇ ಬರೆಯಿರಿ

ಇಲ್ಲಿ ಆತುರ ಬೇಡ. ಇಂಡಿಯಾನಾಪೊಲಿಸ್‌ನ ಮನೆಯೊಂದನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ: ಬೆಲೆ 1,60,000 ಡಾಲರ್, ತಿಂಗಳ ಬಾಡಿಗೆ 1,500. ಕೈಯಿಂದ ಶೇ. 20, ಅಂದರೆ 32,000 ಹಾಕಿ, ಉಳಿದ 1,28,000ಕ್ಕೆ ಶೇ. 7ರ ಬಡ್ಡಿಯಲ್ಲಿ ಮೂವತ್ತು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 852 ಡಾಲರ್.

ಕಂಪನಿಯ ಹಾಳೆ ಹೀಗಿರುತ್ತದೆ: ಕಂತು 852, ಈಗಿನ ಮಾಲೀಕ-ವಾಸದ ದರದಲ್ಲಿ ತೆರಿಗೆ 133, ವಿಮೆ 80, ನಿರ್ವಹಣೆ ಶೇ. 8ರಂತೆ 120. ಒಟ್ಟು 1,185. ಕೈಗೆ ಉಳಿಯುವುದು 315 ಡಾಲರ್.

ಈಗ ಅದೇ ಮನೆಯ ಲೆಕ್ಕವನ್ನು ಬಾಡಿಗೆ ಮನೆಯ ನಿಯಮದಂತೆ ಬರೆಯೋಣ. ತೆರಿಗೆ ಶೇ. 2ರ ಮಿತಿಯವರೆಗೂ ಹೋಗಬಹುದಾದ್ದರಿಂದ 267. ನೀವೇ ತರಿಸಿದ ವಿಮೆಯ ದರ 130. ನಿರ್ವಹಣೆ ಶೇ. 10ರಂತೆ 150. ವರ್ಷಕ್ಕೆ ಸುಮಾರು ಒಂದು ತಿಂಗಳು ಖಾಲಿ ಇರುವುದೆಂದು ಶೇ. 8, ಅಂದರೆ 120. ಸಣ್ಣಪುಟ್ಟ ರಿಪೇರಿಗೆ 120. ಛಾವಣಿ, ಫರ್ನೇಸ್, ವಾಟರ್ ಹೀಟರ್‌ನಂಥ ದೊಡ್ಡ ಬದಲಾವಣೆಗೆ ಎತ್ತಿಡಬೇಕಾದದ್ದು 105. ಕಂತು ಸೇರಿ ಒಟ್ಟು 1,744. ತಿಂಗಳಿಗೆ 315 ಕೊಡಬೇಕಿದ್ದ ಮನೆ 244 ಡಾಲರ್ ಕೇಳುತ್ತದೆ.

ಎರಡು ಲೆಕ್ಕಗಳಲ್ಲಿ ಬಾಡಿಗೆ, ಬೆಲೆ, ಬಡ್ಡಿ ಒಂದೇ ಎಂಬುದನ್ನು ಗಮನಿಸಿ. ವ್ಯತ್ಯಾಸವೆಲ್ಲ ಕಡಿಮೆ ತೋರಿಸಿದ ಮತ್ತು ಬಿಟ್ಟುಹೋದ ಸಾಲುಗಳಲ್ಲಿದೆ. ಎರಡನೆಯ ಲೆಕ್ಕವೂ ಸರಿದೂಗುವವರೆಗೆ ಬೆಲೆ ಇಳಿಸಲು ಕೇಳಬೇಕು, ಇಲ್ಲವೇ ಕೈಯಿಂದ ಹೆಚ್ಚು ಹಾಕಬೇಕು, ಅಥವಾ ಆ ಮನೆಯನ್ನು ಬಿಡಬೇಕು. ಹೆಚ್ಚು ಹಣ ಹಾಕಿದರೆ ತಿಂಗಳ ಲೆಕ್ಕ ಸುಧಾರಿಸುತ್ತದೆಯೇ ಹೊರತು ಮನೆ ಒಳ್ಳೆಯದಾಗುವುದಿಲ್ಲ ಎಂಬ ಎಚ್ಚರವಿರಲಿ.

"ನಷ್ಟವಾದರೂ ಆದಾಯ ತೆರಿಗೆಯಲ್ಲಿ ಉಳಿಯುತ್ತದೆ" ಎಂಬ ಮಾತು ಕೇಳಿಬರುತ್ತದೆ. ಬಾಡಿಗೆಯ ನಷ್ಟವನ್ನು ವೇತನದಿಂದ ಕಳೆಯಲು ಇರುವ 25,000 ಡಾಲರಿನ ಅವಕಾಶ, ಹೊಂದಾಣಿಕೆಯಾದ ಆದಾಯ 1,00,000 ದಾಟಿದಾಗಿನಿಂದ ಕರಗುತ್ತ 1,50,000ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಬೇ ಏರಿಯಾದಲ್ಲಿ ಇಬ್ಬರೂ ದುಡಿಯುವ ಬಹುತೇಕ ಕುಟುಂಬಗಳಿಗೆ ಆ ವರ್ಷ ಏನೂ ಸಿಗದು. ನಷ್ಟ ಮುಂದಿನ ವರ್ಷಗಳಿಗೆ ಸಾಗುತ್ತದೆ, ಅಷ್ಟೆ.

ಹಂತ 6: ಒಪ್ಪಂದದ ಷರತ್ತುಗಳು

ಮುಂಗಡದ ಹಣ, ಆಸ್ತಿಯ ದಾಖಲೆ ಶೋಧಿಸುವ ಟೈಟಲ್ ಕಂಪನಿಯ ಎಸ್ಕ್ರೋ (ವ್ಯವಹಾರ ಮುಗಿಯುವವರೆಗೆ ಹಣ ಕಾದಿಡುವ) ಖಾತೆಗೆ ಹೋಗಬೇಕು, ಮಾರುವವರ ಖಾತೆಗೆ ಅಲ್ಲ. ಪರೀಕ್ಷೆಯಲ್ಲಿ ದೋಷ ಕಂಡರೆ, ಅಪ್ರೈಸಲ್ (ಸ್ವತಂತ್ರ ಮೌಲ್ಯಮಾಪನ) ಒಪ್ಪಿದ ಬೆಲೆಗಿಂತ ಕಡಿಮೆ ಬಂದರೆ, ಸಾಲ ಸಿಗದಿದ್ದರೆ ಮುಂಗಡ ಹಿಂದಿರುಗುವ ಮೂರು ಷರತ್ತುಗಳೂ ದಿನಾಂಕದ ಸಮೇತ ಬರವಣಿಗೆಯಲ್ಲಿರಲಿ. ಕಾಯ್ದಿರಿಸಲು "ಹಿಂದಿರುಗಿಸಲಾಗದ" ಶುಲ್ಕ ಕೇಳಿದರೆ ಒಪ್ಪಬೇಡಿ.

ಪೂರ್ತಿ ನಗದು ಕೊಟ್ಟು ಕೊಳ್ಳುವವರು ಅಪ್ರೈಸಲ್ ಬಿಟ್ಟುಬಿಡುತ್ತಾರೆ. ಸಾಲವಿಲ್ಲದಾಗಲೇ ಅದು ಹೆಚ್ಚು ಬೇಕು, ಏಕೆಂದರೆ ಬೆಲೆ ಹೆಚ್ಚಾಯಿತೆಂದು ತಡೆಯುವ ಬ್ಯಾಂಕ್ ಅಲ್ಲಿರುವುದಿಲ್ಲ. ಕಂಪನಿ ತೋರಿಸುವ ಹೋಲಿಕೆಯ ಮಾರಾಟಗಳು ಹೊರರಾಜ್ಯದವರಿಗೆ ಅದೇ ಕಂಪನಿ ಮಾರಿದವೇ ಆಗಿರಬಹುದು. ಅಲ್ಲಿನ ನಿವಾಸಿಗಳು ಅದೇ ಬೀದಿಯಲ್ಲಿ ಎಷ್ಟಕ್ಕೆ ಕೊಂಡರೆಂಬುದನ್ನು ನೋಡಿ.

ಹಂತ 7: ಮನೆಯ ಪರೀಕ್ಷೆ

ಇನ್‌ಸ್ಪೆಕ್ಟರನ್ನು ನೀವೇ ಹುಡುಕಿ, ಶುಲ್ಕವನ್ನು ನೀವೇ ಕೊಡಿ, ಪರೀಕ್ಷೆಯ ಹೊತ್ತಿಗೆ ವಿಡಿಯೊ ಕರೆಯಲ್ಲಿರಿ. ಸಾಧ್ಯವಾದರೆ ಒಂದು ವಾರಾಂತ್ಯ ವಿಮಾನ ಹತ್ತಿ ಹೋಗಿ ಬನ್ನಿ; ಸಂಜೆಯಾದ ಮೇಲೂ ಒಮ್ಮೆ ಆ ಬೀದಿಯಲ್ಲಿ ನಡೆಯಿರಿ.

ಸಾಮಾನ್ಯ ಪರೀಕ್ಷೆಯ ಜೊತೆಗೆ ಚರಂಡಿ ಕೊಳವೆಯ ಕ್ಯಾಮೆರಾ ಪರೀಕ್ಷೆಯನ್ನು ಪ್ರತ್ಯೇಕವಾಗಿ ಹೇಳಿ ಮಾಡಿಸಬೇಕು. ಹಳೆಯ ಮನೆಗಳಲ್ಲಿ ಮಣ್ಣಿನ ಅಥವಾ ಎರಕದ ಕಬ್ಬಿಣದ ಕೊಳವೆಗಳಿರುತ್ತವೆ, ಮರದ ಬೇರುಗಳು ಅವುಗಳ ಸಂದಿಯೊಳಗೆ ನುಗ್ಗಿರುತ್ತವೆ. ನನ್ನ ಮೊದಲ ಮನೆಗೆ ಈ ಪರೀಕ್ಷೆ ಮಾಡಿಸಿರಲಿಲ್ಲ. ಹೊಸ ಬಣ್ಣ, ಹೊಸ ನೆಲಹಾಸು, ಹೊಸ ಅಡುಗೆಮನೆ ನೋಡಿ ಸಾಕೆನಿಸಿತ್ತು. ಐದನೆಯ ತಿಂಗಳಲ್ಲಿ ಕೊಳಚೆ ನೀರು ನೆಲಮಾಳಿಗೆಗೆ ಉಕ್ಕಿ, ಅಂಗಳ ಅಗೆದು ಕೊಳವೆ ಬದಲಿಸುವಷ್ಟರಲ್ಲಿ ಆ ವರ್ಷದ ಬಾಡಿಗೆಯ ದೊಡ್ಡ ಪಾಲು ಹೋಯಿತು. ಬಾಡಿಗೆದಾರರ ಪುಟ್ಟ ಮಕ್ಕಳು ಆ ವಾಸನೆಯಲ್ಲಿ ನಾಲ್ಕು ದಿನ ಇರಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಬಾಧಿಸಿತು.

ಊರಿಗೆ ತಕ್ಕಂತೆ ಉಳಿದ ಪರೀಕ್ಷೆಗಳನ್ನು ಸೇರಿಸಿ. ಮೆಂಫಿಸ್, ಬರ್ಮಿಂಗ್‌ಹ್ಯಾಮ್ ಕಡೆ ಗೆದ್ದಲಿನ ವರದಿ ಮತ್ತು ನೆಲದಡಿಯ ತೇವ. ಇಂಡಿಯಾನಾ, ಒಹಾಯೊಗಳಲ್ಲಿ ನೆಲಮಾಳಿಗೆಯ ಗೋಡೆಯ ಬಿರುಕು ಮತ್ತು ನೆಲದಿಂದ ಏಳುವ ವಿಕಿರಣಶೀಲ ರೇಡಾನ್ ಅನಿಲ. ರೇಡಾನ್ ಪ್ರಮಾಣ ಲೀಟರಿಗೆ 4 ಪಿಕೋಕ್ಯೂರಿ ಮುಟ್ಟಿದರೆ ಕ್ರಮ ಕೈಗೊಳ್ಳಬೇಕೆಂಬುದು ಕೇಂದ್ರ ಪರಿಸರ ಸಂಸ್ಥೆಯ ಸಲಹೆ. 1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಸೀಸದ ಬಣ್ಣದ ಬಗ್ಗೆ ತಮಗೆ ತಿಳಿದದ್ದನ್ನು ಮಾರುವವರು ಬರೆದು ಕೊಡಬೇಕು, ಪರೀಕ್ಷೆಗೆ ಹತ್ತು ದಿನದ ಅವಕಾಶವನ್ನೂ ಕೊಡಬೇಕು. ಇದು ಕೇಂದ್ರ ಕಾನೂನು. ಬಾಡಿಗೆದಾರರಿಗೆ ಅದೇ ಮಾಹಿತಿ ಕೊಡುವ ಹೊಣೆ ಮುಂದೆ ನಿಮ್ಮದು.

ಫರ್ನೇಸ್, ಏಸಿ, ವಾಟರ್ ಹೀಟರ್‌ಗಳ ಮೇಲಿನ ಚೀಟಿಯ ಫೋಟೊ ತರಿಸಿ ತಯಾರಾದ ವರ್ಷವನ್ನು ನೋಡಿ. ವರದಿಯಲ್ಲಿ ಬಂದ ದೋಷಗಳನ್ನು ಸರಿಪಡಿಸಿದೆವೆಂದು ಕಂಪನಿ ಹೇಳಿದ ಮೇಲೆ, ಅದೇ ಇನ್‌ಸ್ಪೆಕ್ಟರನ್ನು ಮತ್ತೊಮ್ಮೆ ಕಳಿಸಿ. ಫೋಟೊ ನೋಡಿ ಒಪ್ಪಬೇಡಿ.

ಹಂತ 8: ಬಾಡಿಗೆದಾರರ ಕಡತ

ಕರಾರುಪತ್ರ, ಅರ್ಜಿ, ಆದಾಯದ ಪರಿಶೀಲನೆ, ಇದುವರೆಗೆ ಬಾಡಿಗೆ ಜಮಾ ಆದ ದಿನಾಂಕಗಳ ಪಟ್ಟಿ, ಠೇವಣಿಯ ಮೊತ್ತ ಇವಿಷ್ಟೂ ಬೇಕು. ಮಾರಾಟಕ್ಕೆ ಮೂರು ವಾರ ಮುಂಚೆ ಬಂದ ಬಾಡಿಗೆದಾರರು, ಮೊದಲ ತಿಂಗಳು ಉಚಿತ, ಠೇವಣಿ ಇಲ್ಲ, ಸುತ್ತಲಿನ ಮನೆಗಳಿಗಿಂತ ನೂರೈವತ್ತು ಡಾಲರ್ ಹೆಚ್ಚು ಬಾಡಿಗೆ ಎಂಬವು ಒಟ್ಟಾಗಿ ಕಂಡರೆ, ಮಾರಾಟಕ್ಕಾಗಿಯೇ ಮನೆ ತುಂಬಿಸಿದ್ದಾರೆಂದು ತಿಳಿಯಬೇಕು.

ಬಾಡಿಗೆ ಎಷ್ಟು, ಠೇವಣಿ ಎಷ್ಟು, ಮಾಲೀಕರು ಬೇರೇನಾದರೂ ಮಾತು ಕೊಟ್ಟಿದ್ದಾರೆಯೇ ಎಂಬುದಕ್ಕೆ ಬಾಡಿಗೆದಾರರಿಂದಲೇ ಸಹಿ ಮಾಡಿಸಿದ ಎಸ್ಟಾಪೆಲ್ ಪತ್ರ ಕೇಳಿ. ಬಾಡಿಗೆಗೆ ನೆರವಾಗುವ ಸರ್ಕಾರಿ ವೋಚರ್ ಇರುವವರಾದರೆ ವಸತಿ ಪ್ರಾಧಿಕಾರದ ಒಪ್ಪಂದ ನಿಮ್ಮ ಹೆಸರಿಗೆ ಬದಲಾಗುವವರೆಗೆ ಪಾವತಿ ತಡವಾಗಬಹುದು. ಆ ತಿಂಗಳುಗಳ ಕಂತಿಗೆ ಹಣ ಬೇರೆ ಇಟ್ಟುಕೊಳ್ಳಿ.

ಹಂತ 9: ಟೈಟಲ್ (ಮಾಲೀಕತ್ವದ ಹಕ್ಕು), ವಿಮೆ, ಕ್ಲೋಸಿಂಗ್ (ಖರೀದಿಯ ಮುಕ್ತಾಯ)

ನಮ್ಮಲ್ಲಿ ಋಣಭಾರ ಪತ್ರ ತೆಗೆಸುವಂತೆ ಇಲ್ಲಿ ಟೈಟಲ್ ಕಂಪನಿ ದಾಖಲೆಗಳನ್ನು ಶೋಧಿಸುತ್ತದೆ, ಮತ್ತು ತಪ್ಪಿಹೋದದ್ದಕ್ಕೆ ವಿಮೆಯನ್ನೂ ಕೊಡುತ್ತದೆ. ಬ್ಯಾಂಕಿಗೆ ಕೊಡುವ ಪಾಲಿಸಿ ನಿಮ್ಮನ್ನು ಕಾಯುವುದಿಲ್ಲ. ಮಾಲೀಕರ ಪಾಲಿಸಿಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಟರ್ನ್‌ಕೀ ಮನೆಯಲ್ಲಿ ಇದು ಇನ್ನಷ್ಟು ಅಗತ್ಯ, ಏಕೆಂದರೆ ರಿಪೇರಿ ಈಗಷ್ಟೇ ಮುಗಿದಿರುತ್ತದೆ, ಹಣ ಸಿಗದ ಗುತ್ತಿಗೆದಾರರು ನಿಮ್ಮ ಖರೀದಿಯ ನಂತರವೂ ಮನೆಯ ಮೇಲೆ ಹಕ್ಕು ದಾಖಲಿಸಬಹುದು. ಎಲ್ಲ ಗುತ್ತಿಗೆದಾರರಿಂದ ಹಕ್ಕು ಬಿಡುಗಡೆ ಪತ್ರ ಕೇಳಿ. ಕ್ರಯಪತ್ರ, ಹಕ್ಕಿಗೆ ಮಾರುವವರೇ ಪೂರ್ಣ ಖಾತರಿ ಕೊಡುವ ಜನರಲ್ ವಾರಂಟಿ ಆಗಿರಲಿ. ಯಾವ ಖಾತರಿಯೂ ಇಲ್ಲದ ಕ್ವಿಟ್‌ಕ್ಲೇಮ್ ಪತ್ರ ಕೊಡುತ್ತೇವೆಂದರೆ ವಕೀಲರನ್ನು ಕಾಣದೆ ಮುಂದುವರಿಯಬೇಡಿ.

ವಿಮೆಯಲ್ಲಿ ಡಿಪಿ-3 ಮಾದರಿಯ ಬಾಡಿಗೆ ಮನೆಯ ಪಾಲಿಸಿ ಕೇಳಿ. ಛಾವಣಿಗೆ ಪೂರ್ಣ ಬದಲಿ ಬೆಲೆಯೋ ಸವೆತ ಕಳೆದ ಬೆಲೆಯೋ, ಬಾಡಿಗೆ ನಿಂತರೆ ಪರಿಹಾರವಿದೆಯೇ, ಮನೆ ಎಷ್ಟು ದಿನ ಖಾಲಿ ಇದ್ದರೆ ರಕ್ಷಣೆ ಕಡಿತವಾಗುತ್ತದೆ ಎಂಬ ಮೂರನ್ನು ಓದಿ. ಪ್ರವಾಹ, ಭೂಕಂಪಗಳಿಗೆ ಬೇರೆ ಪಾಲಿಸಿ ಬೇಕು. 1811-12ರಲ್ಲಿ ದೊಡ್ಡ ಭೂಕಂಪಗಳಾದ ನ್ಯೂ ಮ್ಯಾಡ್ರಿಡ್ ವಲಯ ಮೆಂಫಿಸ್‌ಗೆ ಹತ್ತಿರವಿದೆ.

ಅಂತಿಮ ಲೆಕ್ಕಪತ್ರವನ್ನು ಕನಿಷ್ಠ ಮೂರು ದಿನ ಮೊದಲೇ ಕೇಳಿ ಪಡೆಯಿರಿ. ವಾಸದ ಮನೆಯ ಸಾಲಕ್ಕಿರುವ ಕಾನೂನಿನ ರಕ್ಷಣೆ ಬಾಡಿಗೆ ಮನೆಯ ಸಾಲಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಬಾಡಿಗೆದಾರರ ಠೇವಣಿ, ಆ ತಿಂಗಳ ಉಳಿದ ದಿನಗಳ ಬಾಡಿಗೆ, ಮಾರುವವರ ಕಾಲದ ಬಾಕಿ ತೆರಿಗೆ ನಿಮ್ಮ ಖಾತೆಗೆ ಜಮಾ ಆಗಿರಬೇಕು. ಇಂಡಿಯಾನಾದಲ್ಲಿ ತೆರಿಗೆಯನ್ನು ಒಂದು ವರ್ಷ ಹಿಂದಿನದಾಗಿ ಕಟ್ಟುವುದರಿಂದ ಈ ಜಮೆ ದೊಡ್ಡ ಮೊತ್ತದ್ದೇ ಆಗಿರುತ್ತದೆ.

ಹಣ ವೈರ್ ಮಾಡುವ ದಿನ, ಖಾತೆ ಸಂಖ್ಯೆ ಬದಲಾಗಿದೆ ಎಂಬ ಇಮೇಲ್ ಬಂದರೆ ಅದು ವಂಚನೆಯೆಂದೇ ತಿಳಿದು ನಿಲ್ಲಿಸಿ. ಟೈಟಲ್ ಕಂಪನಿಯ ಸಂಖ್ಯೆಯನ್ನು ಆ ಇಮೇಲಿನಿಂದಲ್ಲದೆ ಬೇರೆಡೆಯಿಂದ ಹುಡುಕಿ, ಕರೆ ಮಾಡಿ, ಸಂಖ್ಯೆಯನ್ನು ಬಾಯಲ್ಲಿ ಓದಿಸಿ ದೃಢಪಡಿಸಿಕೊಂಡು ಆಮೇಲೆ ಕಳಿಸಿ.

ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಹೆಸರಿನಲ್ಲಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಕುಳಿತು ನಡೆಸುವ ಹೊರರಾಜ್ಯದ ಎಲ್‌ಎಲ್‌ಸಿಗೂ ಕ್ಯಾಲಿಫೋರ್ನಿಯಾ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ ಕೇಳುತ್ತದೆ. ಮೇಲಿನ ಉದಾಹರಣೆಯಂಥ ಒಂದೇ ಮನೆಗೆ ಇದು ತಿಂಗಳಿಗೆ 67 ಡಾಲರಿನ ಹೊರೆ. ಒಂದೆರಡು ಮನೆ ಇರುವವರಿಗೆ ಒಳ್ಳೆಯ ವಿಮೆಯ ಮೇಲೆ ಅಂಬ್ರೆಲಾ ಪಾಲಿಸಿ (ಹೊಣೆಗಾರಿಕೆಯ ಹೆಚ್ಚುವರಿ ವಿಮೆ) ತೆಗೆದುಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಸಾಲವಿರುವ ಮನೆಯನ್ನು ಆಮೇಲೆ ಎಲ್‌ಎಲ್‌ಸಿಗೆ ವರ್ಗಾಯಿಸಿದರೆ ಬ್ಯಾಂಕ್ ಪೂರ್ತಿ ಸಾಲವನ್ನು ಒಮ್ಮೆಲೇ ಕೇಳುವ ಷರತ್ತು ಪತ್ರದಲ್ಲಿದೆಯೇ ಎಂದೂ ನೋಡಿಕೊಳ್ಳಿ.

ಹಂತ 10: ಮೊದಲ ಹನ್ನೆರಡು ತಿಂಗಳು

ಮ್ಯಾನೇಜರ್ ಕಳಿಸುವ ಮಾಸಿಕ ಲೆಕ್ಕವನ್ನು ಬ್ಯಾಂಕ್ ಖಾತೆಯೊಂದಿಗೆ ಪ್ರತಿ ತಿಂಗಳೂ ತಾಳೆ ನೋಡಿ. ಪ್ರತಿ ರಿಪೇರಿಗೂ ಕೆಲಸ ಮಾಡಿದವರ ಮೂಲ ಬಿಲ್ಲು ಮತ್ತು ಮೊದಲಿನ ಹಾಗೂ ನಂತರದ ಫೋಟೊ ಕೇಳಿ. ಒಂದೇ ದೋಷಕ್ಕೆ ಮೂರು ಸಲ ಬಿಲ್ಲು ಬಂದರೆ, ಬಾಡಿಗೆ ತಡವಾದದ್ದು ನಿಮಗೆ ಲೆಕ್ಕದಿಂದ ಗೊತ್ತಾಗಿ ಮ್ಯಾನೇಜರ್ ತಾವಾಗಿ ತಿಳಿಸದಿದ್ದರೆ, ಹಂತ 3ರಲ್ಲಿ ಮಾತನಾಡಿಸಿದ್ದ ಎರಡನೆಯವರಿಗೆ ಕರೆ ಮಾಡುವ ಸಮಯ ಬಂದಿದೆ. ಆರನೆಯ ತಿಂಗಳಲ್ಲಿ ನಿಮ್ಮದೇ ಇನ್‌ಸ್ಪೆಕ್ಟರನ್ನು, ಬಾಡಿಗೆದಾರರಿಗೆ ಮುಂಚಿತವಾಗಿ ತಿಳಿಸಿ, ಒಮ್ಮೆ ಕಳಿಸುವುದು ಒಳ್ಳೆಯದು.

ತೆರಿಗೆಯ ಕಡತವನ್ನು ಖರೀದಿಯ ವಾರವೇ ಆರಂಭಿಸಿ. ನೆಲದ ಬೆಲೆ ಕಳೆದು ಕಟ್ಟಡದ ಬೆಲೆಯನ್ನು 27.5 ವರ್ಷಗಳಲ್ಲಿ ಸವಕಳಿಯಾಗಿ ತೋರಿಸಬೇಕು. ಮನೆ ಬಾಡಿಗೆಗೆ ಸಿದ್ಧವಾದ ದಿನದಿಂದ ಅದು ಶುರು. ತೋರಿಸದೆ ಬಿಟ್ಟರೂ, ಮಾರುವಾಗ ತೋರಿಸಿದ್ದೀರೆಂದೇ ಭಾವಿಸಿ ಐಆರ್‌ಎಸ್ ತೆರಿಗೆ ಹಾಕುತ್ತದೆ. ಇಂಡಿಯಾನಾ, ಒಹಾಯೊ, ಅಲಬಾಮಾಗಳಲ್ಲಿ ಮನೆಯಿದ್ದರೆ ಆ ರಾಜ್ಯಕ್ಕೆ ಅನಿವಾಸಿಯಾಗಿ ರಿಟರ್ನ್ ಸಲ್ಲಿಸಬೇಕಾಗುತ್ತದೆ; ಟೆನೆಸ್ಸಿಯಲ್ಲಿ ವ್ಯಕ್ತಿಯ ಹೆಸರಿನ ಬಾಡಿಗೆಗೆ ರಾಜ್ಯದ ಆದಾಯ ತೆರಿಗೆಯಿಲ್ಲ. ಮನೆ ಯಾವ ರಾಜ್ಯದಲ್ಲಿದ್ದರೂ ಕ್ಯಾಲಿಫೋರ್ನಿಯಾ ನಿವಾಸಿಗಳು ಆ ಆದಾಯವನ್ನು ಇಲ್ಲಿಯ ರಿಟರ್ನ್‌ನಲ್ಲೂ ತೋರಿಸಲೇಬೇಕು.

ಮೊದಲ ಆಸ್ತಿ ತೆರಿಗೆಯ ಬಿಲ್ಲು ನಿಮ್ಮ ಅಂಚೆ ವಿಳಾಸಕ್ಕೆ ಬರುವಂತೆ ಕೌಂಟಿಯಲ್ಲಿ ವಿಳಾಸ ಬದಲಿಸಿ. ಹಳೆಯ ಮಾಲೀಕರ ವಿಳಾಸಕ್ಕೆ ಹೋದ ಬಿಲ್ಲಿಗೂ ದಂಡ ತಪ್ಪುವುದಿಲ್ಲ. ಇಂಡಿಯಾನಾದಲ್ಲಿ ಕಟ್ಟುವ ದಿನಗಳು ಮೇ 10 ಮತ್ತು ನವೆಂಬರ್ 10.